ಹಿಂದಿನ ಸೀಟಿನಿಂದ ಕಂಡ ಹೊಗೆ

ಬೈಕು ಓಡಿಸುವವನಿಗೆ ತನ್ನ ಬೈಕಿನ ಹೊಗೆ ಕಾಣುವುದಿಲ್ಲ. ಇದು ದೊಡ್ಡ ತತ್ವವೇನಲ್ಲ. ಸೈಲೆನ್ಸರು ಹಿಂದಿರುತ್ತದೆ, ಕಣ್ಣು ಮುಂದಿರುತ್ತದೆ, ಅಷ್ಟೆ. ಆದರೆ ಮದುವೆಯಾದ ಹೊಸತರಲ್ಲಿ ಈ ಸಣ್ಣ ಸಂಗತಿಯಿಂದ ನಾನು ಪಟ್ಟ ಗೊಂದಲ ಅಷ್ಟಿಷ್ಟಲ್ಲ. ನಮ್ಮ ಬೈಕಿನ ಹೊಗೆಯನ್ನು ದಿನವೂ ಅಷ್ಟು ಹತ್ತಿರದಿಂದ ನೋಡುತ್ತಿದ್ದವಳು ಇಡೀ ನೀಲಗಿರಿಯಲ್ಲಿ ನಾನೊಬ್ಬಳೇ. ಹಾಗಾಗಿ ಸಾಕ್ಷಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಾಕ್ಷಿಗೇ ತಾನು ಕಂಡದ್ದೇನೆಂದು ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಆಗ ಕುಂದಾ ಕಡೆ ಅಣೆಕಟ್ಟೆಗಳ ಕೆಲಸ ಇನ್ನೂ ನಡೆಯುತ್ತಿತ್ತು. ನಮ್ಮವರು ಅಲ್ಲಿನ ಪವರ್ ಹೌಸಿನಲ್ಲಿ ಪಾಳಿ ಕೆಲಸಕ್ಕಿದ್ದರು. ಗುಂಡ್ಲುಪೇಟೆ ಸೀಮೆಯವಳಾದ ನಾನು ಮದುವೆಯಾಗಿ ಬಂದು, ಯೂಕಲಿಪ್ಟಸ್ ಮರಗಳ ನಡುವೆ ಬೆಂಕಿಪೊಟ್ಟಣ ಜೋಡಿಸಿದಂತಿದ್ದ ಆ ಕಾಲೊನಿಯ ಮನೆಯೊಂದರಲ್ಲಿ ಸಂಸಾರ ಹೂಡಿದೆ. ನಮ್ಮಿಬ್ಬರಿಗೂ ಮಾತು ಕಡಿಮೆ. ಅವರಿಗೆ ಸಂಕೋಚ, ನನಗೆ ಚಳಿ. ಊಟ ಆಯಿತೇ, ಕಂಬಳಿ ಸಾಕೇ ಎಂಬಲ್ಲಿಗೆ ದಿನದ ಮಾತು ಮುಗಿಯುತ್ತಿತ್ತು.

ಕಾಲೊನಿಯ ಹಿಂದಿನ ಬಯಲಿನಿಂದ ಒಂದು ಮಣ್ಣಿನ ದಾರಿ ಇಳಿದು, ಹಳ್ಳ ದಾಟಿ, ಎದುರು ಗುಡ್ಡದ ಹಟ್ಟಿಗೆ ಏರುತ್ತಿತ್ತು. ಬಡಗರ ಊರುಗಳಿಗೆ ಅಲ್ಲಿ ಹಟ್ಟಿ ಎನ್ನುತ್ತಾರೆ. ಆ ಹಟ್ಟಿಯ ಹೆಂಗಸರು ಸೇರಿ ಒಂದು ಬಾಲವಾಡಿ ನಡೆಸುತ್ತಿದ್ದರು. ಬೆಳಿಗ್ಗೆ ಮಕ್ಕಳಿಗೆ ಆಟ ಪಾಠ, ಮಧ್ಯಾಹ್ನ ಹೆಂಗಸರಿಗೆ ಹೊಲಿಗೆ. ಅದಕ್ಕೆ ಟೀಚರು ಬೇಕೆಂದು ಕೇಳಿಬಂದಾಗ ನಾನು ಯಾರನ್ನೂ ಕೇಳದೆ ಹೂಂ ಎಂದುಬಿಟ್ಟೆ. ಅವರ ಬಡಗ ಮಾತು ನನಗೆ ಮುಕ್ಕಾಲು ಅರ್ಥವಾಗುತ್ತಿತ್ತು. ನನ್ನ ಕನ್ನಡ ಅವರಿಗೆ ಪೂರ್ತಿ ಅರ್ಥವಾಗಿ, ಜೊತೆಗೆ ನಗುವೂ ಬರುತ್ತಿತ್ತು. ಅಂತೂ ನನ್ನದು ಎನ್ನಲು ಮೊದಲ ಬಾರಿಗೆ ಒಂದು ಕೆಲಸ ಸಿಕ್ಕಿತು.

ಕಷ್ಟವೆಂದರೆ ದಾರಿ. ಬಸ್ಸಿಲ್ಲ. ನಡೆದು ಹೋಗೋಣವೆಂದರೆ ಹಳ್ಳದ ಬಳಿಯ ಶೋಲಾ ಕಾಡಿನಲ್ಲಿ ಕಾಟಿಗಳ, ಅದೇ ಕಾಡುಕೋಣಗಳ, ಕಾಟ. ಮಂಜು ಕವಿದ ಬೆಳಿಗ್ಗೆ ಬಂಡೆಯೆಂದುಕೊಂಡದ್ದು ಎದ್ದು ನಿಂತು ಬುಸುಗುಟ್ಟುವ ಜಾಗ ಅದು. ಆಗ ನಮ್ಮವರು ದಂಡಿನವರು ಹರಾಜು ಹಾಕಿದ ಒಂದು ಹಳೆಯ ಮೋಟಾರ್ ಬೈಕು ತಂದರು. ಮಣ್ಣಿನ ದಾರಿಗೆಂದೇ ಹುಟ್ಟಿದ ಗಾಡಿ: ಎತ್ತರದ ಮೈ, ಒರಟು ಟೈರು, ಯುದ್ಧಕಾಲದ ಹಸಿರು ಬಣ್ಣ. ಕೆಸರು, ಕಲ್ಲು, ಹಳ್ಳದ ನೀರು ಯಾವುದಕ್ಕೂ ಹಿಂದೆ ಸರಿಯುತ್ತಿರಲಿಲ್ಲ. ಆದರೆ ಹೊಗೆ!

ಬೆಳಿಗ್ಗೆ ಅವರು ಕಿಕ್ಕರ್ ಒದ್ದು ಒದ್ದು, ಕೊನೆಗೊಮ್ಮೆ ಇಂಜಿನ್ನು ಗುಡುಗಿದಾಗ, ಹಿಂದಿನಿಂದ ಏಳುತ್ತಿದ್ದ ಮೋಡದಲ್ಲಿ ಅಕ್ಕಪಕ್ಕದ ನಾಲ್ಕಾರು ಮನೆ ಕಾಣೆಯಾಗುತ್ತಿದ್ದವು. ಆ ಮೋಡದೊಳಗೆ ಹೊಕ್ಕು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ನಾನು ಕೂರಬೇಕು. ದಾರಿಯುದ್ದಕ್ಕೂ ಅದು ನಮ್ಮ ಬೆನ್ನು ಬಿಡುತ್ತಿರಲಿಲ್ಲ. ಹಟ್ಟಿ ಮುಟ್ಟುವಷ್ಟರಲ್ಲಿ ಸೀರೆಯ ಅಂಚಿಗೆಲ್ಲ ಎಣ್ಣೆ. ನನ್ನನ್ನು ಇಳಿಸಿದವರೇ ಇವರು ಪಾಳಿಗೆ ಹೊತ್ತಾಯಿತೆಂದು ತಿರುಗಿ ಹೊರಟುಬಿಡುತ್ತಿದ್ದರು. ಸಂಜೆ ಬರುವಾಗಲೂ ಇದೇ ಕಥೆ.

ಬಾಲವಾಡಿಯ ಕೆಳಗಿನ ಮನೆ ಮಾಸಿ ಎಂಬ ಮುದುಕಿಯದು. ಅಜ್ಜಿಯನ್ನು ಅವರಲ್ಲಿ ಹೆತ್ತೆ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಹಳೆಗಾಲದ ಬಡಗ ಹೆಂಗಸರಂತೆ ಹೆತ್ತೆ ಉಡುವುದು, ಹೊದೆಯುವುದು, ತಲೆಗೆ ಕಟ್ಟುವುದು ಎಲ್ಲ ಬಿಳಿಯದೇ. ಒಗೆದ ಬಟ್ಟೆಯನ್ನು ದಾರಿಯ ಪಕ್ಕದ ಬೇಲಿಯ ಮೇಲೆ ಹರವಿದ್ದಾಗಲೇ ನಮ್ಮ ಸವಾರಿ ಹಾದುಹೋಗುತ್ತಿತ್ತು. ಹೆತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ್ದನ್ನು ನನ್ನ ಕಿವಿಗೆ ಬಿದ್ದಂತೆ ಬರೆಯುತ್ತೇನೆ, ಬಡಗರು ಓದಿ ನಕ್ಕರೆ ನಗಲಿ. "ಏನ ಹೊಗೆ ಇದು, ಟೀಚರಮ್ಮಾ! ನಂಗ ಬಿಳಿ ಸೀಲೆ ಎಲ್ಲ ಕಪ್ಪು ಆತು!"

ಮನೆಗೆ ಬಂದು ಇದನ್ನು ಹೇಳಿದೆ. ನಮ್ಮವರು ಬಹಳ ಗಂಭೀರರಾಗಿ ಕೇಳಿದರು: "ಹೊಗೆ ಯಾವ ಬಣ್ಣ?"

ನಾನು ತಬ್ಬಿಬ್ಬಾದೆ. ಹೊಗೆ ಹೊಗೆಯ ಬಣ್ಣ, ಇನ್ನಾವ ಬಣ್ಣ? ಹಾಗಲ್ಲವಂತೆ. ಯಾರೋ ಅವರಿಗೆ ಹೇಳಿದ್ದರು. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಚಳಿಗೆ ಬರುವ ಬರೀ ಹಬೆ, ಚಿಂತೆಯಿಲ್ಲ. "ಒಸಿ ಸರ್ಯಾಗಿ ನೋಡ್ಬುಟ್ಟು ಹೇಳು. ನಂಗೆ ಹಿಂದಕ್ಕೆ ತಿರುಗಕ್ಕಾಯ್ತದಾ?" ಎಂದರು. ನಮ್ಮ ದಾಂಪತ್ಯದಲ್ಲಿ ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಸರಿಯಾದ ಉತ್ತರ ಕೊಡಬೇಕೆಂದು ನನಗೂ ಹಟ ಹುಟ್ಟಿತು.

ಮಾರನೆಯ ದಿನದಿಂದ ಕತ್ತು ತಿರುಗಿಸಿ ನೋಡುತ್ತ ಕೂತೆ. ಹೊರಡುವಾಗ ನೋಡಿದರೆ ಬಿಳಿ. ಆದರೆ ಅಲ್ಲಿ ಸುತ್ತಲೂ ಮಂಜಿತ್ತು, ನಾನು ನೋಡಿದ್ದು ಹೊಗೆಯೋ ಮಂಜೋ ಹೇಳಲಾರೆ. ಹಳ್ಳಕ್ಕೆ ಇಳಿಯುವಾಗ ಮರಗಳ ನೆರಳಿನಲ್ಲಿ ನೀಲಿ. ಏರು ಹತ್ತುವಾಗ ಕಪ್ಪು. ಬಿಸಿಲು ಬಿದ್ದರೆ ಬೂದಿ. ಮೋಡ ಮುಚ್ಚಿದರೆ ಏನೂ ಅಲ್ಲದ ಒಂದು ಬಣ್ಣ. ಗುಂಡ್ಲುಪೇಟೆಯ ನಮ್ಮ ಮನೆಯ ಜಗಲಿಯಿಂದ ನೋಡಿದರೆ ಈ ಬೆಟ್ಟಗಳೆಲ್ಲ ನೀಲಿಯಾಗಿ ಕಾಣುತ್ತಿದ್ದವು, ಹೆಸರೇ ನೀಲಗಿರಿ. ಇಲ್ಲಿಗೆ ಬಂದು ನೋಡಿದರೆ ಹಸಿರು, ಕೆಂಪುಮಣ್ಣು ಮತ್ತು ಮಂಜು. ನೀಲಿ ಎಲ್ಲೂ ಇಲ್ಲ. ಹಾಗಾದರೆ ನೀಲಿ ಎಂಬುದು ವಸ್ತುವಿನಲ್ಲಿದೆಯೋ, ದೂರದಲ್ಲಿದೆಯೋ? ನಮ್ಮ ದೇವರನ್ನೇ ನೋಡಿ. ನೀಲಮೇಘಶ್ಯಾಮ ಎನ್ನುತ್ತೇವೆ. ನೀಲಿ, ಮೋಡ, ಕಪ್ಪು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೈಮುಗಿಯುತ್ತೇವೆ. ಅವನನ್ನು ಯಾವ ಮೆಕ್ಯಾನಿಕ್ಕಿಗೂ ತೋರಿಸಬೇಕಾಗಿಲ್ಲ, ಅದಕ್ಕೇ ನಡೆಯುತ್ತದೆ.

ನನ್ನ ತಂದೆ ಶಾಲಾ ಮೇಷ್ಟರು. ತರ್ಕಶಾಸ್ತ್ರದ ಹುಚ್ಚು ಅವರಿಗೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬೇಕು ಎಂಬ ಪಾಠವನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಹಾಗೆ ಊಹಿಸಿದ ಆ ಹಿರಿಯರು ಬೆಟ್ಟದ ಮೇಲೆ ಒಂದು ವಾರವಾದರೂ ಇದ್ದಿದ್ದರೋ ಇಲ್ಲವೋ ನನಗೆ ಅನುಮಾನ. ಇಲ್ಲಿ ಹೊಗೆಯಂತೆ ಕಾಣುವುದು ಮಂಜಾಗಿರಬಹುದು, ಟೀ ಫ್ಯಾಕ್ಟರಿಯದಾಗಿರಬಹುದು, ಆಲೂಗಡ್ಡೆ ಹೊಲದಲ್ಲಿ ಕಸ ಸುಟ್ಟದ್ದಾಗಿರಬಹುದು. ಇವು ಯಾವುವೂ ಅಲ್ಲದಿದ್ದರೆ ನಾನು ಮತ್ತು ನಮ್ಮವರು ಬರುತ್ತಿದ್ದೇವೆ ಎಂದರ್ಥ.

ಕೊನೆಗೆ ಒಂದು ಉಪಾಯ ಹೊಳೆಯಿತು. ಹೊಲಿಗೆ ಡಬ್ಬಿಯಲ್ಲಿ ಬಗೆಬಗೆಯ ಬಣ್ಣದ ದಾರದ ರೀಲುಗಳಿದ್ದವು. ಹೊಗೆಗೆ ಹತ್ತಿರದವನ್ನು ಆರಿಸಿ ಮಡಿಲಲ್ಲಿ ಇಟ್ಟುಕೊಂಡು, ದಾರಿಯಲ್ಲಿ ಒಂದೊಂದನ್ನೇ ಹೊಗೆಗೆ ಹಿಡಿದು ಹೋಲಿಸಿದೆ. ಎರಡು ರೀಲು ಹಳ್ಳದ ಪಾಲಾದವು. ಪಾರಿವಾಳದ ಕತ್ತಿನ ಬಣ್ಣದ್ದು ಗೆದ್ದಿತು. ಅದನ್ನು ನಮ್ಮವರ ಕೈಗೆ ಕೊಟ್ಟು, "ಇದೇ ಬಣ್ಣ" ಎಂದೆ. ಅವರು ರೀಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಜೇಬಿಗೆ ಹಾಕಿಕೊಂಡರು.

ಹತ್ತಿರದ ಮಂಜೂರು ಪೇಟೆಯಲ್ಲಿ ವರ್ಗೀಸ್ ಎಂಬ ಮೆಕ್ಯಾನಿಕ್ಕು ಅಂಗಡಿ ಇಟ್ಟಿದ್ದ. ಪಂದಲೂರು ಕಡೆಯಿಂದ ಬಂದವನು, ಮಲಯಾಳ ತಮಿಳು ಕನ್ನಡ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಿದ್ದ. ಇವರು ದಾರದ ರೀಲನ್ನು ಅವನ ಮೇಜಿನ ಮೇಲಿಟ್ಟು ಹೊಗೆಯ ಬಣ್ಣ ಇದು ಎಂದರಂತೆ. ಅವನು ರೀಲನ್ನು ತಿರುಗಿಸಿ, ಮೂಸಿಯೂ ನೋಡಿ, "ಸಾರೇ, ಇದು ರಿಂಗ್ ತನ್ನೆ. ಸಂಶಯ ಬೇಡ" ಎಂದನಂತೆ. ಪಿಸ್ಟನ್ನಿಗೆ ಬಳೆಯಂತೆ ಸುತ್ತಿರುವ ರಿಂಗುಗಳು ಸವೆದರೆ ಆಯಿಲ್ ಮೇಲೆ ನುಗ್ಗಿ ಉರಿಯುತ್ತದೆ ಎಂಬುದು ಅವನ ತೀರ್ಪು. ದಾರ ನೋಡಿ ಇಂಜಿನ್ನು ಬಿಚ್ಚಿದ್ದು ಲೋಕದಲ್ಲಿ ಅದೊಂದೇ ಬಾರಿ ಇರಬೇಕು. ಬೈಕು ಅವನ ಅಂಗಡಿಯಲ್ಲಿದ್ದಷ್ಟು ದಿನ ನಮ್ಮವರು ನನ್ನನ್ನು ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತಿದ್ದರು. ತಡವಾಗುತ್ತಿತ್ತು. ಹೀಗೇ ಆದರೆ ಬೇರೆ ಟೀಚರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಬಾಲವಾಡಿಯ ಹೆಂಗಸರು ಮುಖ ಸಣ್ಣದು ಮಾಡಿಕೊಂಡೇ ಹೇಳಿದರು.

ಹೊಸ ರಿಂಗು ಹಾಕಿಸಿಕೊಂಡು ಬೈಕು ಮನೆಗೆ ಬಂತು. ಮೊದಲ ಸಂಜೆ ಹೊಗೆ ಕಾಣಲಿಲ್ಲ, ನಾನು ಪಾಯಸ ಮಾಡಿದೆ. ಬೆಳಿಗ್ಗೆ ಕಿಕ್ಕರ್ ಒದ್ದರೆ ಹಿಂದಿನ ಮೋಡವೇ, ಹಿಂದಿನದಕ್ಕಿಂತ ಒಂದು ಕೈ ಹೆಚ್ಚು.

ನಮ್ಮವರು ಬೈಕಿಗೆ ಮಾಡುತ್ತಿದ್ದ ಆರೈಕೆ ನೋಡಿದವರಿಗೆ ಈ ಅನ್ಯಾಯ ಸಹಿಸಲಾಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕಾಫಿಗೂ ಮೊದಲು ಹೋಗಿ, ಸೀಟಿನ ಕೆಳಗಿದ್ದ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕುವರು. "ಅಯ್ಯೋ, ಮತ್ತೆ ತಳ ಕಂಡದೆ" ಎಂದು ಮರುಗಿ, ಎಳೆಮಗುವಿಗೆ ಹಾಲು ಹಾಕುವಂತೆ ಡಬ್ಬಿಯಿಂದ ಆಯಿಲ್ ಸುರಿದು ತುಂಬಿಸುವರು. ದಿನವೂ ಇಷ್ಟೊಂದು ಕುಡಿಯುವ ಗಾಡಿ ಅದನ್ನೆಲ್ಲ ಉರಿಸಿ ಹೊಗೆ ಬಿಡುತ್ತಿದೆ ಎಂದು ಅವರೂ ನಂಬಿದ್ದರು, ವರ್ಗೀಸನೂ ನಂಬಿದ್ದ. ರಿಂಗು ಬದಲಾಯಿಸಿದರೂ ಕುಡಿಯುವುದು ನಿಲ್ಲಲಿಲ್ಲವೆಂದಾಗ ವರ್ಗೀಸ್ ತಲೆ ಕೆರೆದುಕೊಂಡು, ಬಹುಶಃ ಬಣ್ಣ ನೋಡಿದ್ದು ತಪ್ಪಿರಬೇಕು ಎಂದುಬಿಟ್ಟ. ಅಪರಾಧ ಸುತ್ತಿಕೊಂಡು ನನ್ನ ದಾರದ ರೀಲಿನ ಬುಡಕ್ಕೇ ಬಂದು ನಿಂತಿತು.

ಆ ದಿನ ನಮ್ಮವರು ಊಟ ಮಾಡಲಿಲ್ಲ. "ಬೈಕ ಮಾರ್ಬುಡ್ತೀನಿ. ನೀನೂ ಆ ಕೆಲ್ಸ ಬುಡು. ಯಾಕ್ ಸುಮ್ನೆ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಕೆಲಸ ಬಿಡಲ್ಲ. ನೀವು ಒಂದು ದಿನವಾದರೂ ಆ ಹೊಗೆ ಕಣ್ಣಲ್ಲಿ ನೋಡಿದ್ದೀರಾ? ನೋಡದೇ ಇರೋ ಹೊಗೆಗೆ ಬೈಕು ಮಾರ್ತೀರಾ?" ಎಂದೆ. ಮದುವೆಯಾದ ಮೇಲೆ ಅಷ್ಟು ಉದ್ದದ ಮಾತನ್ನು ನಾನು ಆಡಿರಲಿಲ್ಲ. ಆಡಿದ ಮೇಲೆ ನನಗೇ ಗಾಬರಿಯಾಯಿತು.

ಅವರು, "ನಾನು ನೋಡ್ಬೇಕು ಅಂದ್ರೆ ಓಡ್ಸೋರು ಯಾರು?" ಎಂದರು.

ಓಡಿಸಿದವಳು ನಾನೇ. ಮರುದಿನ ಅವರಿಗೆ ರಜೆ. ಬೆಳಿಗ್ಗೆ ಎಂದಿನಂತೆ ಆಯಿಲ್ ತುಂಬಿಸಿ, ಬೈಕನ್ನು ಹಿಂದಿನ ಬಯಲಿಗೆ ತಳ್ಳಿಕೊಂಡು ಬಂದರು. ನಾನು ಸೀರೆಯನ್ನು ನಾಟಿ ಹಾಕುವವರಂತೆ ಎತ್ತಿ ಕಚ್ಚೆ ಹಾಕಿ, ಒಳಗೆ ಅವರ ಉಣ್ಣೆಯ ಪ್ಯಾಂಟು ತೊಟ್ಟಿದ್ದೆ. ಕಾಲೊನಿಯ ಕಿಟಕಿಗಳಲ್ಲಿ ಮುಖಗಳು ಮೂಡಿದವು. ಬಲಗೈ ತಿರುಗಿಸಿದರೆ ವೇಗ, ಎಡಗೈ ಹಿಡಿದರೆ ಕ್ಲಚ್ಚು, ಮೊದಲ ಗೇರಿನಲ್ಲೇ ಹೋಗಿ ಆ ಮರದ ಹತ್ತಿರ ಕ್ಲಚ್ಚು ಹಿಡಿದು ನಿಲ್ಲು, ನಾನು ಹಿಂದೆ ನಿಂತು ಹೊಗೆ ನೋಡುತ್ತೇನೆ ಎಂದು ಪಾಠ ಹೇಳಿದರು. ಎಲ್ಲ ಅರ್ಥವಾಯಿತು ಎಂದು ತಲೆಯಾಡಿಸಿದೆ. ಇಂಜಿನ್ನು ಗುಡುಗಿತು. ಕ್ಲಚ್ಚು ಬಿಟ್ಟ ಕೂಡಲೇ ಬೈಕು ಎಮ್ಮೆಯಂತೆ ಮುಂದಕ್ಕೆ ಹಾರಿತು, ಕಲಿತದ್ದೆಲ್ಲ ಮರೆತುಹೋಯಿತು.

ಮರ ಬಂತು, ಹೋಯಿತು. ಬಯಲು ಮುಗಿಯಿತು. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದದ್ದೇ ತಪ್ಪಾಗಿ, ಹೆದರಿದಷ್ಟೂ ವೇಗ ಹೆಚ್ಚುತ್ತಿತ್ತು. ಮೊದಲ ಗೇರಾದ್ದರಿಂದ ಬಹಳ ಓಡಲಾರದು, ಆದರೆ ನಿಲ್ಲಲೂ ಒಲ್ಲದು. ದಾರಿ ತಾನಾಗಿ ಹಟ್ಟಿಯ ಕಡೆ ತಿರುಗಿತು, ನಾನೂ ತಿರುಗಿದೆ. ಹಿಂದಿನಿಂದ "ಕ್ಲಚ್! ಅಮ್ಮಿ, ಕ್ಲಚ್ ಹಿಡಿ!" ಎಂದು ಕೂಗು, ನಡುನಡುವೆ ಕೆಮ್ಮು. ಅವರು ಓಡಿ ಬರುತ್ತಿದ್ದಾರೆಂದು ತಿಳಿಯಿತು. ಹಳ್ಳದ ನೀರು ಮೊಣಕಾಲಿಗೆ ಸಿಡಿಯಿತು. ಅವತ್ತು ಕಾಟಿಗಳೇನಾದರೂ ಇದ್ದವೋ ಏನೋ, ನಮ್ಮಿಬ್ಬರನ್ನು ಈ ಕ್ರಮದಲ್ಲಿ ಕಂಡು ಅವೇ ಸರಿದು ನಿಂತಿರಬೇಕು. ಹಟ್ಟಿಯ ಏರಿನಲ್ಲಿ ಕೈ ಸೋತು ಸಡಿಲಾಯಿತು. ಇಂಜಿನ್ನು ಗಕ್ಕೆಂದು ನಿಂತಿತು, ಬೈಕು ಮೆಲ್ಲಗೆ ವಾಲಿ ಮಾಸಿ ಹೆತ್ತೆಯ ಸೌದೆ ರಾಶಿಗೆ ಒರಗಿಕೊಂಡಿತು. ಒರಗಿದ ಮೇಲೆಯೂ ನಾನು ಹ್ಯಾಂಡಲು ಬಿಟ್ಟಿರಲಿಲ್ಲ.

ಆಮೇಲೆ ಹೊಗೆಯೊಳಗಿನಿಂದ ನಮ್ಮವರು ಹೊರಬಂದರು. ಮುಖವೆಲ್ಲ ಕಪ್ಪು, ಕಣ್ಣಿನಿಂದ ನೀರು ಹರಿದು ಕೆನ್ನೆಯ ಮೇಲೆ ಎರಡು ಬಿಳಿ ಗೆರೆ. ಒಂದು ಕಲ್ಲಿನ ಮೇಲೆ ಕುಕ್ಕರಿಸಿ ಕೆಮ್ಮಿದರು. ನನಗೆ ನಗು ಬಂತು, ತಡೆದುಕೊಂಡೆ. ಬೈಯುತ್ತಾರೆಂದು ಕಾದೆ. ಅವರು ನನ್ನನ್ನೇ ನೋಡುತ್ತ, "ಇದ್ನೇನಾ ನೀನು ದಿನಾ ಕುಡೀತಿದ್ದುದು?" ಎಂದರು. ದನಿ ಸಣ್ಣಗಾಗಿತ್ತು. ನನ್ನ ನಗು ಎಲ್ಲಿಗೋ ಹೋಯಿತು.

"ಯಾವ ಬಣ್ಣ?" ಎಂದೆ, ಮಾತು ಬದಲಿಸಲು.

ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ಗೊತ್ತಾಗ್ನಿಲ್ಲ ಕನಮ್ಮಿ" ಎಂದರು.

ಅಷ್ಟರಲ್ಲಿ ಹೊರಬಂದ ಹೆತ್ತೆ ತನ್ನ ಸೌದೆ ರಾಶಿಯ ಗತಿ ನೋಡಿ, ಬೈಕಿನತ್ತ ಬೆರಳು ತೋರಿಸಿ ಕೂಗಿದಳು: "ನೋಡು ನೋಡು! ಹಾಲು ಉಕ್ಕಿದಂಗೆ ಎಣ್ಣೆ ಉಕ್ಕಿತು!"

ಸೀಟಿನ ಕೆಳಗಿನ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಆಯಿಲ್ ಉಕ್ಕಿ ಹರಿದು, ಬಿಸಿ ಕೊಳವೆಯ ಮೇಲೆ ಬಿದ್ದು ಚುಯ್ ಎಂದು ಹೊಗೆಯಾಗುತ್ತಿತ್ತು. ನನ್ನ ಸೀರೆಯ ಅಂಚಿನ ಎಣ್ಣೆಯ ಮೂಲ ತಿಳಿಯಿತು. ನಮ್ಮವರು ಮುಚ್ಚಳ ತೆಗೆದರು. ಟ್ಯಾಂಕು ಕಂಠಮಟ್ಟ ತುಂಬಿ ತುಳುಕುತ್ತಿತ್ತು.

"ಬೆಳಗ್ಗೆ ತಳ ಕಂಡಿತ್ತು. ನಾನು ಹಾಕಿದ್ದು ಮುಕ್ಕಾಲಿಗೆ. ಉರಿದು ಕಮ್ಮಿ ಆಗ್ಬೇಕಾದ್ದು ಹೆಚ್ಚೆಂಗಾಯ್ತು?" ಎಂದು ಅವರು ಆಕಾಶ ನೋಡಿದರು. ಅಕ್ಷಯಪಾತ್ರೆಯ ಕಥೆ ಕೇಳಿದ್ದೆವು, ಆದರೆ ಅದರಲ್ಲಿ ಇಂಜಿನ್ ಆಯಿಲ್ ಬಂದದ್ದು ಕೇಳಿರಲಿಲ್ಲ. ನನಗೂ ತಿಳಿಯಲಿಲ್ಲ. ಹೆತ್ತೆ ಕೊಟ್ಟ ಕಾಫಿ ಕುಡಿದು, ಬೈಕನ್ನು ಅಲ್ಲೇ ಬಿಟ್ಟು ನಾನು ಮಕ್ಕಳ ಹತ್ತಿರ ಹೋದೆ. ಅವರು ಕಲ್ಲಿನ ಮೇಲೆಯೇ ಕೂತು ಬೈಕಿನ ಕಾವಲು ಕಾಯುವವರಂತೆ ಯೋಚಿಸುತ್ತಿದ್ದರು.

ಸಂಜೆ ನಾನು ಹೊಲಿಗೆ ಮುಗಿಸಿ ಬಂದಾಗ ಅವರು ಮುಚ್ಚಳ ತೆರೆದು ತೋರಿಸಿದರು. ಆಯಿಲ್ ಎಷ್ಟೋ ಕೆಳಗೆ ಇಳಿದಿತ್ತು. ಬೈಕು ಕದಲಿರಲಿಲ್ಲ, ಬೆಳಗಿನ ಕಲೆ ಬಿಟ್ಟರೆ ನೆಲದ ಮೇಲೆ ಹೊಸದಾಗಿ ಒಂದು ಹನಿಯೂ ಬಿದ್ದಿರಲಿಲ್ಲ. "ಉರೀಲೂ ಇಲ್ಲ, ಸೋರ್ಲೂ ಇಲ್ಲ. ಎಲ್ಲಿಗೋಯ್ತು?" ಎಂದರು. ಇಬ್ಬರೂ ಒಟ್ಟಿಗೆ ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯನ್ನು ನೋಡಿದೆವು. ಮೇಲಿರುವುದು ಕೆಳಗೆ ಹೋಗದೆ ಮತ್ತೆಲ್ಲಿಗೆ ಹೋದೀತು?

ಹೆತ್ತೆಯಿಂದ ಒಂದು ಹಳೆಯ ಮಡಕೆ ಬೇಡಿ ತಂದೆ. ಅವರು ಇಂಜಿನ್ನಿನ ಹೊಟ್ಟೆಯ ಕೆಳಗಿನ ಬೋಲ್ಟು ಬಿಚ್ಚಿದರು. ಕಪ್ಪು ಆಯಿಲ್ ಬುಳಬುಳನೆ ಸುರಿಯಿತು, ಸುರಿಯಿತು, ಮಡಕೆಯ ಅರ್ಧಕ್ಕೆ ಬಂದರೂ ನಿಲ್ಲಲಿಲ್ಲ.

ಆದದ್ದಿಷ್ಟು. ಬೈಕು ನಿಂತಾಗ ಆಯಿಲ್ ಕೆಳಗಿಳಿಯದಂತೆ ತಡೆಯಲು ಒಳಗೆ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದಂತೆ. ಅದು ಕೂರುವ ಜಾಗದಲ್ಲಿ ಕೊಳೆ ಸಿಕ್ಕಿ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ರಾತ್ರಿಯೆಲ್ಲ ಆಯಿಲ್ ಮೆಲ್ಲಗೆ ಇಂಜಿನ್ನಿನ ಹೊಟ್ಟೆಗಿಳಿಯುತ್ತಿತ್ತು. ಬೆಳಿಗ್ಗೆ ಟ್ಯಾಂಕಿನ ತಳ ಕಾಣುತ್ತಿತ್ತು. ನಮ್ಮವರು ಹಸಿದಿದೆಯೆಂದು ತಿಳಿದು ಮತ್ತೆ ತುಂಬಿಸುತ್ತಿದ್ದರು. ಹೊಟ್ಟೆಬಿರಿ ತುಂಬಿದ ಇಂಜಿನ್ನು ಸ್ಟಾರ್ಟಾದೊಡನೆ ಸಿಕ್ಕಷ್ಟನ್ನು ಉರಿಸಿ, ಉಳಿದದ್ದನ್ನು ಟ್ಯಾಂಕಿಗೆ ವಾಪಸು ಕಕ್ಕುತ್ತಿತ್ತು. ಅವರು ಪ್ರೀತಿಯಿಂದ ಸುರಿದದ್ದೇ ಹೊಗೆಯಾಗಿ ನನ್ನ ಮೂಗಿಗೆ ಬರುತ್ತಿತ್ತು. ಮನೆಯ ಹಿರಿಯರು ಬೇಡ ಬೇಡವೆಂದರೂ ಎಲೆಗೆ ಬಡಿಸುವುದನ್ನು ನೀವೂ ಕಂಡಿರಬಹುದು. ಎಲೆಯ ಮುಂದೆ ಕೂತವನ ಕಷ್ಟ ಬಡಿಸುವವರಿಗೆ ಎಂದೂ ಕಾಣುವುದಿಲ್ಲ.

ವರ್ಗೀಸ್ ಗುಂಡು ತೆಗೆದು, ಅದು ಕೂರುವ ಜಾಗವನ್ನು ಉಜ್ಜಿ ಸರಿಪಡಿಸಿಕೊಟ್ಟ. ಹಾಗಾದರೆ ರಿಂಗು ಸವೆದೇ ಇರಲಿಲ್ಲವೇ ಎಂದು ಕೇಳಿದ್ದಕ್ಕೆ, "ಅದೂ ಒಸಿ ಇತ್ತು ಸಾರೇ" ಎಂದು ನಮ್ಮವರ ಮಾತಿನಲ್ಲೇ ಉತ್ತರ ಕೊಟ್ಟ. ನಿಜವಿರಬಹುದು. ಇಷ್ಟು ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿ ಪೆಟ್ರೋಲೂ ಒಂದಿಷ್ಟು ಹೆಚ್ಚಾಗಿ ಉರಿಯುತ್ತದೆ ಎಂದೂ ಅವನೇ ಹೇಳಿ ಒಂದು ತಿರುಪು ತಿರುಗಿಸಿದ. ಚಳಿಗೆ ಬೆಳಿಗ್ಗೆ ಹಬೆ ಬಂದೇ ಬರುತ್ತದಂತೆ. ಅಂದರೆ ಬಿಳಿ, ನೀಲಿ, ಕಪ್ಪು ಮೂರೂ ಇದ್ದವು. ಸಾಕ್ಷಿ ಸುಳ್ಳು ಹೇಳಿರಲಿಲ್ಲ, ಒಂದನ್ನೇ ಹೇಳು ಎಂದು ಕೇಳಿದ್ದೇ ತಪ್ಪು. ಹೆತ್ತೆಯ ಬೇಲಿಯ ಮೇಲಿನ ಸೀಲೆಗಳು ಬೆಳ್ಳಗೆ ಉಳಿದವು, ನನ್ನ ಕೆಲಸವೂ ಉಳಿಯಿತು.

ಕೆಲವು ದಿನಗಳ ಮೇಲೆ ನಮ್ಮವರು ಮತ್ತೆ ಬೈಕನ್ನು ಬಯಲಿಗೆ ತಂದು, "ಇನ್ನೊಂದ್ಸಲ ಓಡ್ಸು, ಹೊಗೆ ಅದಾ ನೋಡ್ತೀನಿ" ಎಂದರು. ಹೊಗೆ ಇಲ್ಲವೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕಚ್ಚೆ ಬಿಗಿದು ಹತ್ತಿದೆ. ಈ ಸಲ ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಬಯಲು ದಾಟಿ, ದಾರಿಯ ತಿರುವಿನಲ್ಲಿ ಧೈರ್ಯ ಮಾಡಿ ಒಮ್ಮೆ ಹಿಂತಿರುಗಿ ನೋಡಿದೆ. ಹೊಗೆಯಿಲ್ಲ, ಮಂಜಿಲ್ಲ, ದಾರಿ ತಿಳಿಯಾಗಿ ಬಿದ್ದುಕೊಂಡಿತ್ತು. ಅದರ ಆ ತುದಿಯಲ್ಲಿ ನಮ್ಮವರು ಸಣ್ಣಗೆ ಕಾಣುತ್ತ ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದರು. ಸಾಕು ನಿಲ್ಲಿಸು ಎನ್ನುತ್ತಿದ್ದರೋ, ಭಲೇ ಹೋಗು ಎನ್ನುತ್ತಿದ್ದರೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೆ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಬೇಕಾದಂತೆ ಅರ್ಥ ಮಾಡಿಕೊಂಡು, ಎರಡನೇ ಗೇರಿಗೆ ಹಾಕಿದೆ.